ಕೋಡಿಯಿಂದ ಕೆರೆಗೆ: ಬೆಂಗಳೂರಿನ ನೀರಂಚಿನ ನಾಡಮರಗಳನ್ನು ಹುಡುಕುವ ಬಗೆ

ಮರ ಹುಡುಕಲು ಹೊರಟವರು ತಲೆ ಎತ್ತಿ ನೋಡುತ್ತಾ ನಡೆಯುತ್ತಾರೆ. ನೀರಂಚಿನ ಮರ ಬೇಕಾದವರು ಮೊದಲು ನೆಲ ನೋಡಬೇಕು. ಮಳೆ ನೀರು ಯಾವ ದಿಣ್ಣೆಯಿಂದ ಇಳಿದು, ಯಾವ ಕೆರೆ ತುಂಬಿ, ಯಾವ ಕಡೆ ಕೋಡಿ ಬೀಳುತ್ತಿತ್ತು ಎಂಬುದು ತಿಳಿದರೆ ಅರ್ಧ ಕೆಲಸ ಮುಗಿದಂತೆ. ನೀರಿನ ದಾರಿ ಮುಚ್ಚಿಹೋಗಿ ಮೇಲೆ ಲೇಔಟ್ ಎದ್ದಿದ್ದರೂ, ಆ ದಾರಿಯ ಪಕ್ಕದಲ್ಲಿ ಬೆಳೆದ ಮರ ಎಷ್ಟೋ ಕಡೆ ಇನ್ನೂ ನಿಂತಿರುತ್ತದೆ.

ಹಿಮಾಲಯದ ತೊರೆಗಳ ಪಕ್ಕದಲ್ಲಿ ಆಲ್ಡರ್ ಎಂಬ ಮರವಿದೆ. ನೇಪಾಳಿಗಳು ಅದನ್ನು ಉತ್ತಿಸ್ ಎನ್ನುತ್ತಾರೆ. ಅದು ಕುಸಿದ ಮಣ್ಣನ್ನು ಹಿಡಿದು ನಿಲ್ಲಿಸುತ್ತದೆ, ಬೇರಿನ ಗಂಟುಗಳಲ್ಲಿ ವಾಸಿಸುವ ಫ್ರಾಂಕಿಯಾ ಎಂಬ ಸೂಕ್ಷ್ಮಜೀವಿಯ ನೆರವಿನಿಂದ ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತದೆ. ಅದು ನಮ್ಮ ಬಯಲುಸೀಮೆಯ ಮರವಲ್ಲ. ಇಲ್ಲಿ ನೀರಿನ ದಂಡೆ ಕಾಯುವ ಕೆಲಸ ಹೊಳೆಮತ್ತಿ, ಹೊಂಗೆ, ನೇರಳೆ, ಅತ್ತಿ, ಈಚಲು, ಕರಿಜಾಲಿ, ಅಪರೂಪಕ್ಕೆ ನೀರವಂಜಿ, ಇವುಗಳದ್ದು. ಇವುಗಳಲ್ಲಿ ಹೊಂಗೆಯ ಬೇರಿನಲ್ಲೂ ಸಾರಜನಕ ಕಟ್ಟುವ ಗಂಟುಗಳಿವೆ, ಆದರೆ ಅಲ್ಲಿರುವುದು ರೈಜೋಬಿಯಂ ಗುಂಪಿನ ಸೂಕ್ಷ್ಮಜೀವಿ, ನಮ್ಮ ಅವರೆ, ತೊಗರಿಯ ಬೇರಿನಲ್ಲಿ ಇರುವಂಥದ್ದೇ. ಆಲ್ಡರ್‌ನಂತೆ ಫ್ರಾಂಕಿಯಾ ಇಟ್ಟುಕೊಂಡ ಮರ ನಮ್ಮ ಹೊರವಲಯದಲ್ಲಿ ಕಾಣುವುದು ಗಾಳಿಮರ, ಅಂದರೆ ಸರ್ವೆ. ಅದು ಈ ನೆಲದ್ದಲ್ಲ, ನೆಟ್ಟು ಬೆಳೆಸಿದ್ದು.

ಮೊದಲು ನೀರಿನ ನಕ್ಷೆ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಕೂತಿರುವ ಊರು. ದಿಣ್ಣೆಯಿಂದ ನೀರು ಮುಖ್ಯವಾಗಿ ಮೂರು ಕಣಿವೆಗಳಿಗೆ ಇಳಿಯುತ್ತದೆ. ಕೋರಮಂಗಲ-ಚಲ್ಲಘಟ್ಟ ಕಣಿವೆಯ ನೀರು ಬೆಳ್ಳಂದೂರು, ವರ್ತೂರು ಕೆರೆಗಳ ಮೂಲಕ ದಕ್ಷಿಣ ಪಿನಾಕಿನಿಗೆ ಸೇರುತ್ತದೆ. ಹೆಬ್ಬಾಳ ಕಣಿವೆಯದ್ದೂ ಕೊನೆಗೆ ದಕ್ಷಿಣ ಪಿನಾಕಿನಿಗೇ. ವೃಷಭಾವತಿ ಕಣಿವೆಯದ್ದು ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ. ನಿಮ್ಮ ಮನೆ ಯಾವ ಕಣಿವೆಯಲ್ಲಿದೆ ಎಂದು ಮೊದಲು ಗೊತ್ತುಮಾಡಿಕೊಳ್ಳಿ. ಆಮೇಲೆ ಆ ಕಣಿವೆಯ ಕೆರೆಸಾಲಿನಲ್ಲಿ ಒಂದರ ಕೆಳಗೊಂದಿರುವ ಎರಡು ಕೆರೆಗಳನ್ನು ಆರಿಸಿಕೊಳ್ಳಿ. ಉತ್ತರದಲ್ಲಿ ಯಲಹಂಕ, ಜಕ್ಕೂರು, ರಾಚೇನಹಳ್ಳಿ ಕೆರೆಗಳ ಸಾಲು ಅಭ್ಯಾಸಕ್ಕೆ ಚೆನ್ನಾಗಿದೆ. ಸರ್ಜಾಪುರ ರಸ್ತೆಯ ಕಡೆಯವರಿಗೆ ಕೈಕೊಂಡ್ರಹಳ್ಳಿ ಕೆರೆಯಿಂದ ಸೌಳ್ ಕೆರೆಯ ಕಡೆಗೆ. ಒಂದು ಬೆಳಗ್ಗೆಗೆ 2 ಕಿಲೋಮೀಟರ್ ಸಾಕು. ಅದಕ್ಕಿಂತ ಹೆಚ್ಚು ಹಾಕಿಕೊಂಡರೆ ನಡೆಯುವುದಷ್ಟೇ ಆಗುತ್ತದೆ, ನೋಡುವುದು ಆಗುವುದಿಲ್ಲ.

ಮನೆಯಲ್ಲೇ ಮಾಡಬಹುದಾದ ಕೆಲಸ ಮೂರು. ಫೋನಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಆ ಜಾಗದ ಸರ್ವೆ ನಂಬರು, ಕೆರೆ, ಹಳ್ಳ, ರಾಜಕಾಲುವೆಗಳ ಗೆರೆ ನೋಡಿ. ಸರ್ವೆ ಆಫ್ ಇಂಡಿಯಾದ ಟೋಪೋ ನಕ್ಷೆಗಳಲ್ಲಿ ಬೆಂಗಳೂರಿನ ಬಹುಭಾಗ 57ಜಿ/12 ಮತ್ತು 57ಹೆಚ್/9 ಹಾಳೆಗಳಲ್ಲಿ ಬರುತ್ತದೆ. ಹಳೆಯ ಮುದ್ರಣ ಸಿಕ್ಕರೆ ಬಿಡಬೇಡಿ, ಈಗ ಬಸ್ ನಿಲ್ದಾಣವೋ ಆಟದ ಮೈದಾನವೋ ಆಗಿರುವ ಎಷ್ಟೋ ಕೆರೆಗಳು ಅದರಲ್ಲಿ ನೀಲಿಯಾಗಿಯೇ ಇವೆ. ಮೂರನೆಯದು ಗೂಗಲ್ ಅರ್ಥ್‌ನ ಹಳೆಯ ಚಿತ್ರಗಳು. ವರ್ಷಗಳ ಪಟ್ಟಿಯನ್ನು ಹಿಂದಕ್ಕೆ ಎಳೆಯುತ್ತಾ ಹೋಗಿ, ಕಟ್ಟಡ ಬರುವ ಮೊದಲೂ ಇದ್ದು ಈಗಲೂ ಇರುವ ದೊಡ್ಡ ಮರದ ಕೊಡೆಗಳನ್ನು ಗುರುತು ಹಾಕಿಕೊಳ್ಳಿ. ಫೆಬ್ರವರಿ ಕೊನೆಯಿಂದ ಮಾರ್ಚ್‌ವರೆಗಿನ ಚಿತ್ರ ಸಿಕ್ಕರೆ ಹೊಂಗೆಯ ಚಿಗುರು ನಿಂಬೆ ಹಸಿರಾಗಿ ಎದ್ದು ಕಾಣುತ್ತದೆ. ಈಚಲು ಮೇಲಿನಿಂದ ನಕ್ಷತ್ರದ ಹಾಗೆ ಕಾಣುತ್ತದೆ. ಉಳಿದವನ್ನು ಚಿತ್ರದಲ್ಲಿ ಹೆಸರಿಸಲು ಹೋಗಬೇಡಿ, ಮೋಸವಾಗುತ್ತದೆ.

ಕೆರೆಯ ಹತ್ತಿರ ಹೋದಾಗ ಎಲ್ಲ ಕಡೆ ಒಂದೇ ಸಮ ಹುಡುಕಿದರೆ ಸಮಯ ಹಾಳು. ಹಳೆಯ ಮರ ಉಳಿಯುವ ಜಾಗಗಳು ಬೇರೆಯೇ. ಏರಿಯ ಹೊರಮೈಯ ಬುಡ, ಅಂದರೆ ನೀರು ಒಳಗಿಂದ ಜಿನುಗುವ ಕಡೆ. ತೂಬಿನ ಕೆಳಗೆ, ಹಿಂದೆ ಗದ್ದೆ ಇದ್ದ ಅಚ್ಚುಕಟ್ಟಿನ ಅಂಚು. ಕೋಡಿಯ ಕಲ್ಲುಕಟ್ಟಡದ ಎರಡೂ ಪಕ್ಕ ಮತ್ತು ಅದರಿಂದ ಕೆಳಗೆ ಹರಿಯುವ ಹಳ್ಳ. ಕೆರೆಯಂಗಳದಲ್ಲಿ ನೀರು ಒಳಗೆ ಬರುವ ಮೇಲ್ತುದಿ. ಇದರಲ್ಲಿ ಕೋಡಿಹಳ್ಳವೇ ಎಲ್ಲಕ್ಕಿಂತ ಒಳ್ಳೆಯದು. ಕೆರೆ ಅಭಿವೃದ್ಧಿ ಮಾಡುವವರು ನಡೆಯುವ ದಾರಿಯ ಪಕ್ಕ ಹೊಸ ಗಿಡ ನೆಡುತ್ತಾರೆ, ಬೇಲಿ ಹಾಕುತ್ತಾರೆ, ಅಂಗಳ ಹೂಳೆತ್ತುತ್ತಾರೆ, ಆದರೆ ಕೋಡಿಯ ಆಚೆಯ ಮೊದಲ 200 ಮೀಟರ್ ಯಾರ ಲೆಕ್ಕಕ್ಕೂ ಬಾರದೆ ಉಳಿದಿರುವುದುಂಟು.

ಗುಂಡುತೋಪನ್ನೂ ಬಿಡಬಾರದು. ಊರಿಗೊಂದು ತೋಪು ಇದ್ದ ಸೀಮೆ ಇದು. ಮಾವು, ನೇರಳೆ, ಹುಣಸೆ, ಹೊಂಗೆ, ಇಪ್ಪೆ ನೆಟ್ಟು ಊರಿನ ಸೊತ್ತಾಗಿ ಕಾಯುತ್ತಿದ್ದರು. ಅವು ನೆಟ್ಟ ಮರಗಳೇ, ಆದರೆ ಆಫ್ರಿಕಾ ಮೂಲದ ಹುಣಸೆಯೊಂದನ್ನು ಬಿಟ್ಟರೆ ಇಲ್ಲಿನವೇ. ಕೆರೆಯ ಹತ್ತಿರದ ತೋಪಿನ ನೇರಳೆಯಿಂದ ಹಕ್ಕಿ, ಬಾವಲಿಗಳು ಬೀಜ ಹೊತ್ತು ಹಳ್ಳದ ಪಕ್ಕ ಬೀಳಿಸಿದ್ದೇ ಈಗ ಸ್ವಂತ ಮರವಾಗಿ ನಿಂತಿರಬಹುದು.

ಊರ ಹೆಸರೂ ಒಂದು ಸುಳಿವು: ಹೊಂಗಸಂದ್ರ, ಅತ್ತಿಬೆಲೆ, ಅತ್ತಿಗುಪ್ಪೆ, ನೇರಳೂರು, ಮತ್ತಿಕೆರೆ. ಸುಳಿವು ಮಾತ್ರ. ಹೆಸರಿದೆ ಎಂದು ಮರ ಇರಬೇಕಾಗಿಲ್ಲ.

ಕೇಳುವ ಬಗೆ

ಕೆರೆ ಪಕ್ಕದ ಹಳೆಯ ಊರಿನಲ್ಲಿ ನೀರುಗಂಟಿ ಕೆಲಸ (ಕೆರೆಯ ನೀರನ್ನು ಗದ್ದೆಗಳಿಗೆ ಬಿಡುವ ಕೆಲಸ) ಮಾಡಿದವರ ಮನೆಯವರು, ದನ ಮೇಯಿಸುವವರು, ಮೀನು ಹಿಡಿಯುವವರು ಸಿಗುತ್ತಾರೆ. ಅವರ ಬಳಿ ‘ಇಲ್ಲಿ ಹೊಳೆಮತ್ತಿ ಇದೆಯಾ?’ ಎಂದು ನೇರ ಕೇಳಿದರೆ ಇಲ್ಲ ಎಂಬ ಉತ್ತರವೇ ಹೆಚ್ಚು. ‘ತಾತ, ಈ ಕೆರೆ ಕೋಡಿ ಯಾವ ಕಡೆ ಬೀಳ್ತಿತ್ತು? ಅಲ್ಲಿ ದೊಡ್ಡ ಮರ ಯಾವುದಾದ್ರೂ ಉಳ್ಕೊಂಡಿದೆಯಾ?’ ಎಂದು ಕೇಳಿ. ಮಾತು ತಾನಾಗಿ ಮರಕ್ಕೆ ಬರುತ್ತದೆ.

ಬೆಂಗಳೂರಿನ ಹಳೆಯ ಹಳ್ಳಿಗಳಲ್ಲಿ ಮನೆಮಾತು ತೆಲುಗೋ ತಮಿಳೋ ಆಗಿರುವವರು ಬಹಳ. ಹೊಳೆಮತ್ತಿಗೆ ತೆಲುಗಿನಲ್ಲಿ ತೆಲ್ಲಮದ್ದಿ, ತಮಿಳಿನಲ್ಲಿ ನೀರ್‌ಮರುದು. ಹೊಂಗೆಗೆ ಕಾನುಗ, ಪುಂಗಂ. ನೇರಳೆಗೆ ನೇರೇಡು, ನಾವಲ್. ಅತ್ತಿಗೆ ತೆಲುಗಿನಲ್ಲಿ ಮೇಡಿ, ತಮಿಳಿನಲ್ಲಿ ಅತ್ತಿಯೇ. ಈಚಲಿಗೆ ಈತ, ಈಚ್ಚಂ. ಕರಿಜಾಲಿಗೆ ನಲ್ಲತುಮ್ಮ, ಕರುವೇಲಂ. ಈ ಹೆಸರುಗಳು ಬಾಯಲ್ಲಿದ್ದರೆ ಎಷ್ಟೋ ಬಾಗಿಲು ತೆರೆಯುತ್ತವೆ. ಕನ್ನಡದಲ್ಲೇ ಹೊಳೆಮತ್ತಿಯನ್ನು ತೊರೆಮತ್ತಿ, ನೀರುಮತ್ತಿ, ಬಿಳಿಮತ್ತಿ ಎಂದೂ ಕರೆಯುತ್ತಾರೆ.

ಹೊಳೆಮತ್ತಿ

ಸಸ್ಯಶಾಸ್ತ್ರದ ಹೆಸರು ಟರ್ಮಿನಾಲಿಯಾ ಅರ್ಜುನ. ಇದನ್ನು ಗುರುತಿಸಲು ಕಲಿತರೆ ನೀರಿನ ದಾರಿ ಓದುವುದು ಸುಲಭವಾಗುತ್ತದೆ, ಆದ್ದರಿಂದ ಇದಕ್ಕೇ ಹೆಚ್ಚು ಹೊತ್ತು ಕೊಡಿ.

ತೊಗಟೆ ನೋಡಿ. ಬೂದು ಬಿಳಿ, ಅಲ್ಲಲ್ಲಿ ತಿಳಿ ಹಸಿರು, ತಿಳಿ ಗುಲಾಬಿ ಛಾಯೆ. ಅಂಗೈ ಅಗಲದ, ಕೆಲವೊಮ್ಮೆ ಅದಕ್ಕೂ ದೊಡ್ಡ ತೆಳು ಹಪ್ಪಳದಂಥ ಚಕ್ಕೆಗಳಾಗಿ ತಾನೇ ಉದುರುತ್ತದೆ, ಉದುರಿದ ಜಾಗ ನುಣುಪಾಗಿ ತಣ್ಣಗಿರುತ್ತದೆ. ವಯಸ್ಸಾದ ಮರದ ಬುಡ ದುಂಡಗಿರುವುದಿಲ್ಲ. ಗೋಡೆಗೆ ಒತ್ತು ಕೊಟ್ಟ ಹಾಗೆ ಬೇರುಗಳು ಏಣು ಏಣಾಗಿ ಕಾಂಡಕ್ಕೆ ಹತ್ತಿರುತ್ತವೆ. ಕೊಂಬೆಗಳ ತುದಿ ಜೋತುಬೀಳುತ್ತದೆ.

ಕೈಗೆ ಎಟುಕುವ ರೆಂಬೆ ಇದ್ದರೆ ಎಲೆಯನ್ನು ಕೀಳದೆ ಹಾಗೇ ತಿರುಗಿಸಿ. ಉದ್ದನೆಯ, ದಪ್ಪ ಎಲೆ. ಹೆಚ್ಚುಕಡಿಮೆ ಎದುರುಬದುರಾಗಿ, ಆದರೆ ಪೂರ್ತಿ ಎದುರೆದುರಲ್ಲದೆ ಕೊಂಚ ಹಿಂದೆಮುಂದೆ ಹುಟ್ಟಿರುತ್ತದೆ. ತೊಟ್ಟು ಎಲೆಗೆ ಸೇರುವ ಕಡೆ ಸಾಸಿವೆ ಕಾಳಿನಷ್ಟು ದಪ್ಪದ ಎರಡು ಗಂಟು ಕಾಣುತ್ತವೆ, ಬೆರಳಿನಲ್ಲಿ ಸವರಿದರೂ ತಿಳಿಯುತ್ತದೆ. ಇವು ಗ್ರಂಥಿಗಳು. ಕರಿಮತ್ತಿಗೂ ಇಂಥ ಗ್ರಂಥಿಗಳಿವೆ, ಹಾಗಾಗಿ ಇದೊಂದನ್ನೇ ನಂಬಿ ತೀರ್ಮಾನ ಮಾಡಬೇಡಿ. ಕರಿಮತ್ತಿಯ ತೊಗಟೆ ಕಪ್ಪಾಗಿ, ಮೊಸಳೆಯ ಬೆನ್ನಿನ ಹಾಗೆ ಆಳವಾಗಿ ಚೌಕ ಚೌಕವಾಗಿ ಒಡೆದಿರುತ್ತದೆ, ಅದು ಒಣ ಗುಡ್ಡದ ಮರ. ತೊಗಟೆ ಮತ್ತು ಜಾಗ ಎರಡೂ ಕೂಡಿದರೆ ತಪ್ಪಾಗುವುದಿಲ್ಲ.

ಎಲೆ ಎಟುಕದಿದ್ದರೆ ಬುಡದಲ್ಲಿ ಕಾಯಿ ಹುಡುಕಿ. ಇದು ಒಳ್ಳೆಯ ಗುರುತು, ಆದರೆ ಕರಿಮತ್ತಿಯ ಕಾಯಿಗೂ ಐದು ಏಣು ಇರುವುದರಿಂದ ತೊಗಟೆಯನ್ನೂ ನೋಡಿ. ಮರದಂತೆ ಗಟ್ಟಿಯಾದ, ನಾರುನಾರಾದ ಕಂದು ಕಾಯಿ. ಉದ್ದಕ್ಕೂ ಐದು ಏಣು, ಧಾರೆಹುಳಿ ಹಣ್ಣನ್ನು ಒಣಗಿಸಿದ ಹಾಗೆ. ಉದ್ದ 2.5ರಿಂದ 5 ಸೆಂಟಿಮೀಟರ್. ಹತ್ತು ರೂಪಾಯಿ ನಾಣ್ಯದ ಅಗಲ 27 ಮಿಲಿಮೀಟರ್, ಪಕ್ಕದಲ್ಲಿಟ್ಟು ಫೋಟೊ ತೆಗೆದರೆ ಅಳತೆಯೂ ದಾಖಲಾಗುತ್ತದೆ. ಕಾಯಿ ಬೇಗ ಕೊಳೆಯುವುದಿಲ್ಲವಾದ್ದರಿಂದ ಕಾಲ ಮುಗಿದ ಮೇಲೂ ಎಲೆಗಸದಡಿ ಒಂದೆರಡು ಸಿಕ್ಕೇ ಸಿಗುತ್ತವೆ. ನೀರಿನಲ್ಲಿ ತೇಲುತ್ತದೆ. ಆದ್ದರಿಂದ ಹಳ್ಳದ ತಿರುವಿನಲ್ಲಿ ಪ್ಲಾಸ್ಟಿಕ್, ಕಡ್ಡಿಕಸ ಸಿಕ್ಕಿಕೊಂಡ ಗುಡ್ಡೆಯಲ್ಲಿ ಈ ಕಾಯಿ ಕಂಡರೆ ತಾಯಿಮರ ಮೇಲಿನ ಕಡೆ ಎಲ್ಲೋ ಇದೆ ಎಂದರ್ಥ. ನೀರು ಬರುವ ದಿಕ್ಕಿಗೆ ನಡೆಯಿರಿ.

ಹೂವು ಬೇಸಿಗೆಯಲ್ಲಿ, ಏಪ್ರಿಲ್ ಮೇ ಹೊತ್ತಿಗೆ. ತಿಳಿ ಹಳದಿ ಕಡ್ಡಿಯಂಥ ತೆನೆಗಳು, ಜೇನಿನ ವಾಸನೆ.

ಏನೇನನ್ನು ಹೊಳೆಮತ್ತಿ ಎಂದು ತಪ್ಪು ತಿಳಿಯುತ್ತಾರೆ? ನೀಲಗಿರಿಯನ್ನು, ದೂರದಿಂದ ಕಾಂಡ ಬೆಳ್ಳಗೆ ಕಾಣುವುದರಿಂದ. ನೀಲಗಿರಿಯ ತೊಗಟೆ ಉದ್ದುದ್ದ ಪಟ್ಟಿಯಾಗಿ ಸುಲಿದು ನೇತಾಡುತ್ತದೆ, ಎಲೆ ಹಿಸುಕಿದರೆ ಎಣ್ಣೆಯ ವಾಸನೆ. ಕಾಡುಬಾದಾಮಿಯನ್ನು ತಿಳಿಯುವವರೂ ಇದ್ದಾರೆ, ಒಂದೇ ಕುಲ ಅದು, ಆದರೆ ಅದರ ಎಲೆ ತುದಿಯ ಕಡೆಗೆ ಅಗಲ, ಕೊಂಬೆಗಳು ಅಂತಸ್ತು ಅಂತಸ್ತಾಗಿ ಅಡ್ಡ ಹರಡಿರುತ್ತವೆ.

ಈ ಮರಕ್ಕೆ ದೊಡ್ಡ ಕಂಟಕ ತೊಗಟೆ ಕೀಳುವವರು. ಹೃದಯದ ಔಷಧಿಗೆಂದು ಕೊಡಲಿಯಿಂದ ಕಾಂಡದ ಸುತ್ತ ಸುಲಿಯುತ್ತಾರೆ. ಒಂದು ಬಳೆಯಷ್ಟು ಸುತ್ತ ಪೂರ್ತಿ ಸುಲಿದರೂ ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವ ದಾರಿ ಕಡಿದುಹೋಗಿ ಮರ ಸಾಯುತ್ತದೆ. ಗುರುತಿಗಾಗಿ ತೊಗಟೆ ಕೆರೆಯುವುದು, ಚಾಕುವಿನಿಂದ ಕಚ್ಚು ಮಾಡುವುದು ಎಂದೂ ಬೇಡ. ಉದುರಿದ ಚಕ್ಕೆ ಸಾಕು.

ಹೊಂಗೆ

ಎಲ್ಲರಿಗೂ ಗೊತ್ತಿರುವ ಮರ ಎಂದು ಸರಿಯಾಗಿ ನೋಡದೆ ದಾಟುವುದೇ ಹೆಚ್ಚು. ಐದರಿಂದ ಒಂಬತ್ತು ಚಿಕ್ಕ ಎಲೆಗಳು ಒಂದು ಕಡ್ಡಿಯಲ್ಲಿ, ಜೋಡಿ ಜೋಡಿಯಾಗಿ ಎದುರೆದುರು, ತುದಿಯಲ್ಲಿ ಒಂಟಿ ಎಲೆ. ಉದ್ಯಾನಗಳಲ್ಲಿ ನೆಡುವ ಶಿಶು (ಶೀಶಮ್) ಮರವನ್ನು ಹೊಂಗೆ ಎಂದುಕೊಳ್ಳುವುದುಂಟು. ಶಿಶುವಿನ ಚಿಕ್ಕ ಎಲೆಗಳು ಎದುರೆದುರಲ್ಲ, ಒಂದು ಆಚೆ ಒಂದು ಈಚೆ. ಹೊಂಗೆಯ ಕಾಯಿ ಚಪ್ಪಟೆ, ಗಟ್ಟಿ, ತುದಿ ಗಿಣಿಯ ಕೊಕ್ಕಿನಂತೆ ಬಾಗಿದ್ದು, ಒಳಗೆ ಒಂದು, ಕೆಲವೊಮ್ಮೆ ಎರಡು ಬೀಜ. ಎಲೆಯ ಮೇಲೆ ಹಸಿರು ಗುಳ್ಳೆಗಳಿದ್ದರೆ ಅದು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಕೆಲಸ, ಬಿಳಿಯ ಅಂಕುಡೊಂಕು ಗೆರೆಗಳಿದ್ದರೆ ಎಲೆಯ ಒಳಗೇ ತಿನ್ನುತ್ತಾ ಹೋದ ಮರಿಹುಳುವಿನದು. ಇವೆರಡೂ ಹೊಂಗೆಯಲ್ಲಿ ಎಷ್ಟು ಸಾಮಾನ್ಯವೆಂದರೆ ದೂರದಿಂದ ಗುರುತು ಹಿಡಿಯಲು ಉಪಯೋಗಕ್ಕೇ ಬರುತ್ತವೆ. ಮರಕ್ಕೆ ರೋಗ ಬಂದಿದೆ ಎಂದು ಔಷಧಿ ಹೊಡೆಸಲು ಓಡಬೇಡಿ.

ಯುಗಾದಿಗೆ ಮುಂಚಿನ ಎರಡು ವಾರ ಏರಿಯ ಮೇಲೆ ನಿಂತು ಅಚ್ಚುಕಟ್ಟಿನ ಕಡೆ ನೋಡಿ. ಹಳೆಯ ಎಲೆ ಉದುರಿ ಹೊಸ ಚಿಗುರು ಹೊಳೆಯುವಾಗ ಎಲ್ಲೆಲ್ಲಿ ಹೊಂಗೆ ಇದೆ ಎಂದು ಎಣಿಸಿಕೊಳ್ಳಬಹುದು. ವರ್ಷದ ಉಳಿದ ದಿನಗಳಲ್ಲಿ ಅದೇ ಕೆಲಸಕ್ಕೆ ನಾಲ್ಕು ಪಟ್ಟು ಸಮಯ ಹಿಡಿಯುತ್ತದೆ. ‘ಹೊಂಗೆ ನೆರಳು ತಾಯಿ ಮಡಿಲು’ ಎಂದು ಊರವರು ಹೇಳುವ ಮಾತಿನ ಅರ್ಥ ತಿಳಿಯುವುದೂ ಅದಾದ ಮೇಲಿನ ಏಪ್ರಿಲ್ ಬಿಸಿಲಿನಲ್ಲೇ.

ಉಳಿದವು

ನೇರಳೆಯ ಎಲೆಯನ್ನು ಬೆಳಕಿಗೆ ಹಿಡಿದರೆ ಒತ್ತೊತ್ತಾಗಿ ಸಮಾನಾಂತರ ನರಗಳು ಹೊರಟು, ಅಂಚಿಗೆ ತಾಗುವ ಮೊದಲೇ ಅಂಚಿನುದ್ದಕ್ಕೂ ಓಡುವ ಇನ್ನೊಂದು ನರಕ್ಕೆ ಸೇರುವುದು ಕಾಣುತ್ತದೆ. ಎಲೆಗಳು ಎದುರೆದುರು. ಮಾವಿನದ್ದು ಹಾಗಲ್ಲ. ಜೂನ್, ಜುಲೈನಲ್ಲಿ ಕಷ್ಟವೇ ಇಲ್ಲ, ನೆಲ ನೇರಳೆ ಬಣ್ಣವಾಗಿರುತ್ತದೆ.

ಅತ್ತಿಗೆ ಕಾಯಿ ಗೊಂಚಲು ಕಾಂಡಕ್ಕೇ, ದಪ್ಪ ಕೊಂಬೆಗೇ ಅಂಟಿಕೊಂಡು ಬರುತ್ತದೆ. ಆಲದಂತೆ ಬಿಳಲು ಇಳಿಬಿಡುವುದಿಲ್ಲ. ಮೋರಿಯ ಪಕ್ಕದಲ್ಲಿ ಕಾಡತ್ತಿ ಬಹಳ, ಅದನ್ನೇ ಅತ್ತಿ ಎಂದು ಬರೆದುಕೊಳ್ಳುವವರಿದ್ದಾರೆ. ಕಾಡತ್ತಿಯ ಎಲೆ ಒರಟು, ಉಪ್ಪುಕಾಗದದ ಹಾಗೆ, ಮತ್ತು ಎದುರೆದುರು ಹುಟ್ಟುತ್ತದೆ. ಅತ್ತಿಯ ಎಲೆ ನಯ, ಒಂದಾದ ಮೇಲೊಂದು. ಅತ್ತಿ ಇದ್ದಲ್ಲಿ ಅಂತರ್ಜಲ ಮೇಲೇ ಇರುತ್ತದೆ ಎಂದು ಬಾವಿ ತೋಡುವವರು ನಂಬುತ್ತಾರೆ. ಹಳೆಯ ಬಾವಿಗಳ ಪಕ್ಕ ಅದು ಕಾಣುವುದು ನಿಜ, ಹಾಗಾಗಿ ಬಾವಿ ಕಂಡರೆ ಸುತ್ತ ಒಮ್ಮೆ ನೋಡಿ.

ಈಚಲಿನ ಗರಿ ಬೂದು ಹಸಿರು, ಗರಿಯ ಬುಡದ ಎಲೆಗಳು ಮುಳ್ಳಾಗಿರುತ್ತವೆ. ಕಾಂಡದ ಮೇಲೆ ಉದುರಿದ ಗರಿಗಳ ಗುರುತು ವಜ್ರದಾಕಾರದಲ್ಲಿ ಉಳಿದಿರುತ್ತದೆ. ಹೆಂಡ ಇಳಿಸಿದ ಮರವಾದರೆ ಕಾಂಡದ ತುದಿಯಲ್ಲಿ ಒಂದರ ಮೇಲೊಂದು ಕಚ್ಚುಗಳು. ಗಂಡು ಮರ, ಹೆಣ್ಣು ಮರ ಬೇರೆ ಬೇರೆ, ಹಣ್ಣಿಲ್ಲ ಎಂದು ಬೇರೆ ಜಾತಿ ಎಂದುಕೊಳ್ಳಬೇಡಿ. ಕೆರೆ ಮುಚ್ಚಿದ ತಗ್ಗು ಬಯಲಿನಲ್ಲಿ ಕೊನೆಗೆ ಉಳಿಯುವ ಮರ ಬಹುಮಟ್ಟಿಗೆ ಇದೇ.

ಕರಿಜಾಲಿ ಕೆರೆಯಂಗಳದ ಮರ, ನೀರಿನಲ್ಲಿ ತಿಂಗಳುಗಟ್ಟಲೆ ನಿಂತರೂ ತಡೆಯುತ್ತದೆ. ಇದನ್ನು ಬಳ್ಳಾರಿ ಜಾಲಿಯೊಂದಿಗೆ ಕಲಸುವುದು ಬಹಳ ಕಡೆ ನಡೆಯುವ ತಪ್ಪು, ಇದರಿಂದ ಕಳೆ ಕೀಳುವ ಹೆಸರಿನಲ್ಲಿ ಒಳ್ಳೆಯ ಮರ ಹೋಗುತ್ತದೆ. ಕರಿಜಾಲಿಯ ಹೂವು ಹಳದಿ ಗುಂಡು, ಕಾಯಿ ಮಣಿಸರದಂತೆ ಬೀಜ ಬೀಜಕ್ಕೂ ಕಿರಿದಾಗಿ ಬೂದಿ ಬಳಿದಂತಿರುತ್ತದೆ. ಬಳ್ಳಾರಿ ಜಾಲಿಯ ಹೂವು ಬೆರಳುದ್ದದ ತೆನೆ, ಕಾಯಿ ನೇರ ಹಳದಿ ಕೋಡು.

ನೀರವಂಜಿ ನಗರದೊಳಗೆ ಅಪರೂಪ, ಹರಿಯುವ ತೊರೆಯ ಪಕ್ಕ ನಿರೀಕ್ಷಿಸಬೇಕು. ಭಲ್ಲೆಯಂಥ ಉದ್ದ ಎಲೆ, ಕೆಳಮೈ ಬೂದುಬಿಳಿ, ಅಂಚಿನಲ್ಲಿ ಸಣ್ಣ ಹಲ್ಲು; ಹೂವು ಬಾಲದಂತೆ, ಬೀಜಕ್ಕೆ ಹತ್ತಿ. ಕೆರೆ ಪಾರ್ಕುಗಳಲ್ಲಿ ಜೋತುಬಿದ್ದ ಕೊಂಬೆ ಕಂಡ ಕೂಡಲೇ ವಂಜಿ ಎನ್ನುವವರಿದ್ದಾರೆ. ಅದು ಸಾಮಾನ್ಯವಾಗಿ ಆಸ್ಟ್ರೇಲಿಯಾದ ಬಾಟಲ್ ಬ್ರಷ್. ಕೆಂಪು ಬ್ರಷ್ಷಿನಂಥ ಹೂವು ಇಲ್ಲದಿದ್ದರೂ ರೆಂಬೆಗೆ ಗುಂಡಿ ಹೊಲಿದಂತೆ ಅಂಟಿಕೊಂಡ ಗಟ್ಟಿ ಕಾಯಿಗಳು ಇರುತ್ತವೆ.

ಕಣ್ಣು ಪಳಗಿಸಲು ಮೊದಲು ಹೆಸರು ಗೊತ್ತಿರುವ ಮರ ನೋಡಬೇಕು. ಲಾಲ್‌ಬಾಗ್‌ನಲ್ಲಿ ಬಹಳಷ್ಟು ಮರಗಳಿಗೆ ಫಲಕವಿದೆ. ಫಲಕ ಓದುವ ಮೊದಲು ನೀವೇ ಹೆಸರು ಊಹಿಸಿ, ಆಮೇಲೆ ಓದಿ. ಆದರೆ 1908ರಲ್ಲಿ ಲಾಲ್‌ಬಾಗ್‌ಗೆ ಬಂದ ಜರ್ಮನಿಯ ಉದ್ಯಾನತಜ್ಞ ಕ್ರುಂಬಿಗಲ್ ಅವರ ಕಾಲದಿಂದ ವರ್ಷವಿಡೀ ಒಂದಿಲ್ಲೊಂದು ಹೂವು ಕಾಣುವಂತೆ ಹೊರದೇಶದ ಮರಗಳನ್ನು ಬೀದಿಗೆ ತಂದ ಊರು ಇದು ಎಂಬುದು ನೆನಪಿರಲಿ. ಮಳೆಮರ, ಗುಲ್‌ಮೊಹರ್, ಜಕರಾಂಡಾ, ಟಬೆಬುಯಾ, ಸಿಲ್ವರ್ ಓಕ್ ಯಾವುವೂ ಇಲ್ಲಿ ತಾವಾಗಿ ಹುಟ್ಟಿದವಲ್ಲ. ದೈತ್ಯ ಹೊಳೆಮತ್ತಿಗಳನ್ನು ಅವುಗಳ ಸ್ವಂತ ಮನೆಯಲ್ಲಿ ನೋಡಬೇಕೆಂದರೆ ಅರ್ಕಾವತಿ ಕಾವೇರಿಗೆ ಸೇರುವ ಕನಕಪುರದ ಸಂಗಮಕ್ಕೋ, ಮುತ್ತತ್ತಿಗೋ ಒಂದು ದಿನ ಹೋಗಿಬನ್ನಿ. ಅಲ್ಲಿ ನೋಡಿದ ಕಣ್ಣಿಗೆ ಬೆಂಗಳೂರಿನ ಮರ ಮತ್ತೆ ತಪ್ಪಿಸಿಕೊಳ್ಳುವುದಿಲ್ಲ.

ನೆಟ್ಟದ್ದೋ, ತಾನೇ ಬೆಳೆದದ್ದೋ

ಇದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ಹೊಳೆಮತ್ತಿ, ಹೊಂಗೆಗಳನ್ನು ಅರಣ್ಯ ಇಲಾಖೆಯವರೂ ಪಾಲಿಕೆಯವರೂ ಸಾವಿರಗಟ್ಟಲೆ ನೆಟ್ಟಿದ್ದಾರೆ. ಸಾಲಾಗಿ, ಸಮ ಅಂತರದಲ್ಲಿ, ಒಂದೇ ದಪ್ಪದಲ್ಲಿ ನಿಂತಿದ್ದರೆ ನೆಟ್ಟದ್ದು. ಕಾಂಡದೊಳಗೆ ಹುದುಗಿದ ಹಳೆಯ ಕಬ್ಬಿಣದ ಬೇಲಿಯ ತುಂಡು ಕಂಡರೂ ನೆಟ್ಟದ್ದೇ. ಅಡ್ಡಾದಿಡ್ಡಿ ನಿಂತು, ಒಂದು ತೊಡೆ ದಪ್ಪ, ಇನ್ನೊಂದು ಕೈಬೆರಳ ದಪ್ಪ, ಮತ್ತೊಂದು ಇಬ್ಬರು ತಬ್ಬುವಷ್ಟು, ಹೀಗೆ ಎಲ್ಲ ವಯಸ್ಸಿನವೂ ಹಳ್ಳದ ಗೆರೆಯ ಉದ್ದಕ್ಕೇ ಇದ್ದರೆ ತಾವೇ ಬೆಳೆದವು ಎನ್ನಲು ಬಲವಾದ ಆಧಾರ. ಬುಡ ನೀರಿನ ಕಡೆಗೆ ಬಾಗಿ, ಬೇರುಗಳು ದಂಡೆಯ ಮಣ್ಣು ಕೊಚ್ಚಿಹೋದ ಕಡೆ ಹೊರಗೆ ಕಾಣುತ್ತಿದ್ದರೂ ಹಾಗೆಯೇ. ಏರಿಯ ಮೇಲಿನ ಹೊಂಗೆಯ ವಿಷಯದಲ್ಲಿ ಆತುರ ಬೇಡ. ಹಸಿರೆಲೆ ಗೊಬ್ಬರಕ್ಕೂ ಎಣ್ಣೆಗೂ ರೈತರು ಹಿಂದಿನಿಂದ ಹಾಕಿಕೊಂಡು ಬಂದ ಮರ ಅದು. ಗೊತ್ತಾಗದಿದ್ದರೆ ಗೊತ್ತಾಗಲಿಲ್ಲ ಎಂದೇ ಬರೆಯಿರಿ.

ಹೊರಡುವಾಗ, ಬರೆಯುವಾಗ

ಬೆಳಗ್ಗೆ 6.30ಕ್ಕೆ ಹೊರಟು 9.30ಕ್ಕೆ ಮುಗಿಸುವುದು ಒಳ್ಳೆಯದು. ಚೀಲದಲ್ಲಿ ದರ್ಜಿಯ ಟೇಪು, 5 ಮೀಟರ್ ಹುರಿ, ಹತ್ತು ರೂಪಾಯಿ ನಾಣ್ಯ, ಪುಸ್ತಕ, ಪೆನ್ಸಿಲ್ (ಪೆನ್ನಿನ ಶಾಯಿ ಒದ್ದೆಯಾದರೆ ಹರಡುತ್ತದೆ), ನೀರು. ಕಾಲಿಗೆ ಮೀನಖಂಡ ಮುಚ್ಚುವ ಬೂಟು. ದೂರದ ಕಾಯಿ ನೋಡಲು ದುರ್ಬೀನು ಇದ್ದರೆ ಅನುಕೂಲ.

ಒಂದು ಮರಕ್ಕೆ ಆರು ಫೋಟೊ: ದೂರದಿಂದ ಇಡೀ ಮರ, ಎದೆ ಎತ್ತರದ ತೊಗಟೆ, ನಾಣ್ಯ ಸಮೇತ, ಎಲೆಯ ಮೇಲ್ಮೈ, ಕೆಳಮೈ, ರೆಂಬೆಯಲ್ಲಿ ಎಲೆಗಳು ಹೇಗೆ ಜೋಡಿಸಿಕೊಂಡಿವೆ ಎಂಬುದು, ಹೂವು ಅಥವಾ ಕಾಯಿ. ನೀರು ಎಲ್ಲಿದೆ ಎಂದು ತೋರಿಸುವ ಏಳನೆಯದೂ ಇರಲಿ. ಆ್ಯಪ್‌ಗಳು ತಪ್ಪು ಹೆಸರು ಹೇಳುವುದಕ್ಕೆ ಮುಖ್ಯ ಕಾರಣ, ಒಂದೇ ಒಂದು ಎಲೆಯ ಫೋಟೊ ಕೊಡುವುದು. ಒಂಟಿ ಎಲೆಯಲ್ಲಿ ಮತ್ತಿಯೂ ಸೀಬೆಯೂ ಅದಕ್ಕೆ ಒಂದೇ ಥರ ಕಾಣಬಹುದು.

ಸುತ್ತಳತೆಯನ್ನು ನೆಲದಿಂದ 1.37 ಮೀಟರ್ ಎತ್ತರದಲ್ಲಿ ತೆಗೆಯಬೇಕು. ಇಳಿಜಾರಿನಲ್ಲಿದ್ದರೆ ಮೇಲಿನ ಬದಿಯಲ್ಲಿ ನಿಂತು ಎತ್ತರ ಅಳೆಯಿರಿ. ಟೇಪು ಸಾಲದಿದ್ದರೆ ಹುರಿ ಸುತ್ತಿ ಗಂಟು ಹಾಕಿ ಆಮೇಲೆ ಅಳೆಯಿರಿ. 157 ಸೆಂಟಿಮೀಟರ್ ಬಂದರೆ 3.14ರಿಂದ ಭಾಗಿಸಿ, ವ್ಯಾಸ 50. ಹೊಂಗೆ ಹಲವು ಬಾರಿ ಬುಡದಲ್ಲೇ ಕವಲೊಡೆದಿರುತ್ತದೆ, ಆಗ ಒಂದೊಂದು ಕವಲನ್ನೂ ಬೇರೆ ಬೇರೆ ಬರೆಯಿರಿ, ಕೂಡಿಸಬೇಡಿ. ಸುತ್ತಳತೆಯಿಂದ ವಯಸ್ಸು ಹೇಳಲು ಹೋಗಬೇಡಿ, ನೀರಿನ ಪಕ್ಕದ ಮರ ಬೇಗ ದಪ್ಪವಾಗುತ್ತದೆ.

ಫೋನಿನ ಜಿಪಿಎಸ್ ದಟ್ಟ ಕೊಡೆಯಡಿ ತಪ್ಪು ತೋರಿಸುತ್ತದೆ. ಒಂದು ನಿಮಿಷ ಕಾಯಿರಿ. ಆಗಲೂ ನಕ್ಷೆಯಲ್ಲಿ ತಪ್ಪಿನ ಅಂದಾಜು ತೋರಿಸುವ ವೃತ್ತ 10 ಮೀಟರಿಗಿಂತ ಕಿರಿದಾಗದಿದ್ದರೆ ಪಕ್ಕದ ಬಯಲಿಗೆ ಬಂದು ಬಿಂದು ಹಾಕಿ, ಮರ ಎಷ್ಟು ಹೆಜ್ಜೆ, ಯಾವ ದಿಕ್ಕಿಗೆ ಎಂದು ಬರೆಯಿರಿ. ಗಿಡ, ಪ್ರಾಣಿಗಳನ್ನು ದಾಖಲಿಸುವ ಐನ್ಯಾಚುರಲಿಸ್ಟ್ ಜಾಲತಾಣಕ್ಕೆ ಹಾಕುವವರು ನೆಟ್ಟ ಮರಕ್ಕೆ ‘ಬೆಳೆಸಿದ್ದು’ ಎಂಬ ಗುರುತು ಹಾಕಲೇಬೇಕು, ಇಲ್ಲವಾದರೆ ರಸ್ತೆ ಸಾಲಿನ ಮರವೆಲ್ಲ ಕಾಡುಮರವಾಗಿ ನಕ್ಷೆಯಲ್ಲಿ ಕೂರುತ್ತದೆ. ಒಂದೇ ಮರವನ್ನು ವಾರ ವಾರ ನೋಡಿ ಚಿಗುರು, ಹೂವು, ಕಾಯಿ ದಾಖಲಿಸುವ ಆಸೆಯಿದ್ದರೆ ಸೀಸನ್‌ವಾಚ್ ಇದೆ.

ಅಪಾಯಗಳು ನಿಜವಾದವು. ರಾಜಕಾಲುವೆಯ ದಂಡೆ ಮೇಲೆ ಗಟ್ಟಿ ಕಂಡರೂ ಕೆಳಗೆ ಕೊಳಚೆ ನೀರು ಕೊರೆದಿರುತ್ತದೆ, ಅಂಚಿನಿಂದ ಎರಡು ಮೀಟರ್ ದೂರದಲ್ಲೇ ನಡೆಯಿರಿ, ಜೋರು ಮಳೆ ಬಂದ ದಿನ ಹೋಗಲೇಬೇಡಿ. ಹುಲ್ಲಿನಲ್ಲಿ ಕೊಳಕುಮಂಡಲ ಇರುತ್ತದೆ, ಕೈ ಹಾಕುವ ಮೊದಲು ಕೋಲು. ಎತ್ತರದ ಮರದಲ್ಲಿ ಹೆಜ್ಜೇನು ಇದೆಯೇ ಎಂದು ನೋಡಿಕೊಂಡು ಬುಡಕ್ಕೆ ಹೋಗಿ. ಒಬ್ಬರೇ ಹೋಗಬೇಡಿ. ಬನ್ನೇರುಘಟ್ಟದ ಕಾಡಿನ ತೊರೆಗಳ ಕಡೆ ಆನೆಗಳಿವೆ; ಅರಣ್ಯ ಇಲಾಖೆಯ ಅನುಮತಿಯೂ ಜೊತೆಗೆ ಅವರ ಸಿಬ್ಬಂದಿಯೂ ಇಲ್ಲದೆ ಕಾಲಿಡುವ ಜಾಗವಲ್ಲ. ನೀವು ಗುರುತು ಹಾಕಿದ ಮರಕ್ಕೆ ಯಾರಾದರೂ ಕೊಡಲಿ ಹಾಕುತ್ತಿದ್ದರೆ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೆಲವು ವಿನಾಯಿತಿ ಪಡೆದ ಜಾತಿಗಳನ್ನು ಬಿಟ್ಟು ಉಳಿದವಕ್ಕೆ ವೃಕ್ಷಾಧಿಕಾರಿಯ ಅನುಮತಿ ಬೇಕು. ಅನುಮತಿ ಪತ್ರ ತೋರಿಸಿ ಎಂದು ಕೇಳುವುದಕ್ಕೆ, ದೂರು ಕೊಡುವುದಕ್ಕೆ ನಿಮ್ಮ ಆರು ಫೋಟೊ, ಅಳತೆ, ಬಿಂದು ಎಲ್ಲ ಕೈಯಲ್ಲಿರುತ್ತವೆ.

ಮುಂಗಾರು ಹಿಡಿದು ಮೂರ್ನಾಲ್ಕು ವಾರದ ಮೇಲೆ ಅದೇ ಮರದ ಬಳಿಗೆ ಇನ್ನೊಮ್ಮೆ ಹೋಗಿ. ಕೊಡೆಯ ಅಂಚಿನಿಂದ ಸುಮಾರು 10 ಮೀಟರ್ ದೂರದವರೆಗೆ, ಮುಖ್ಯವಾಗಿ ನೀರು ಇಳಿಯುವ ಬದಿಯಲ್ಲಿ, ಬಗ್ಗಿ ಸಸಿ ಎಣಿಸಿ. ನೇರಳೆ ಸಸಿ ಗುಂಪಾಗಿ ಏಳುತ್ತದೆ. ಅದರ ಬೀಜ ಹಣ್ಣು ಬಿದ್ದ ಕೆಲವೇ ವಾರಗಳಲ್ಲಿ ಮೊಳಕೆಯ ಶಕ್ತಿ ಕಳೆದುಕೊಳ್ಳುವುದರಿಂದ ಆ ಮಳೆಗಾಲದಲ್ಲಿ ಕಾಣದಿದ್ದರೆ ಆ ವರ್ಷ ಕಾಣುವುದಿಲ್ಲ. ಹೊಂಗೆ ಸಸಿಗೆ ಬೀಜದ ದಪ್ಪ ಬೇಳೆ ಇನ್ನೂ ಬುಡದಲ್ಲಿ ಅಂಟಿಕೊಂಡಿರುತ್ತದೆ. ಹುಲ್ಲು ಕತ್ತರಿಸುವ ಯಂತ್ರ ಓಡಾಡಿದ ಕಡೆ ಒಂದೂ ಇರುವುದಿಲ್ಲ. ಸಸಿ ಕಂಡರೆ ಸುತ್ತ ನಾಲ್ಕು ಕಲ್ಲಿಟ್ಟು, ಆ ಕೆರೆಯಲ್ಲಿ ಹುಲ್ಲು ಕೊಯ್ಯುವವರಿಗೆ ಹೆಸರು ಹೇಳಿ ತೋರಿಸಿ ಬನ್ನಿ.